ನೂರಕ್ಕೊಂದು ಡಾಲರ್, ನದಿ ದಂಡೆಗೊಂದು ಬಸ್ಸು

ನ್ಯೂ ಮೆಕ್ಸಿಕೋದಲ್ಲಿದ್ದೇವೆ ಎಂದರೆ ಊರಿನ ಕಡೆ ಅರ್ಧ ಜನ ನಾವು ಮೆಕ್ಸಿಕೋ ದೇಶಕ್ಕೆ ಹೋಗಿ ನೆಲೆಸಿದ್ದೇವೆ ಅಂದುಕೊಂಡಿದ್ದಾರೆ. ತಿಪಟೂರಿನ ನಮ್ಮ ಭಾವನವರಿಗಂತೂ ಎಷ್ಟು ಹೇಳಿದರೂ ಅಷ್ಟೇ. ಇದು ಅಮೆರಿಕದ್ದೇ ಒಂದು ರಾಜ್ಯ. ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡದು, ಜನ ಮಾತ್ರ ಸುಮಾರು 21 ಲಕ್ಷ. ನಾವಿರುವ ಆಲ್ಬುಕರ್ಕಿ ಇಲ್ಲಿನ ಅತಿ ದೊಡ್ಡ ಊರು. ಪೂರ್ವಕ್ಕೆ ಸಾಂಡಿಯಾ ಬೆಟ್ಟ, ಊರ ನಡುವೆ ರಿಯೋ ಗ್ರಾಂಡೆ ನದಿ, ಉಳಿದದ್ದೆಲ್ಲ ಬಯಲು ಮತ್ತು ಬಿಸಿಲು. ವರ್ಷದ ಬಹುಪಾಲು ದಿನ ಮಕ್ಕಳು ಹೊರಗೆ ಆಡಬಹುದಾದ ಹವೆ. ಆದರೂ ಸಂಜೆ ಹೊತ್ತು ನಮ್ಮ ಬೀದಿಯಲ್ಲಿ ಮಕ್ಕಳ ಗಲಾಟೆಯಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಪರದೆ ಉರಿಯುತ್ತಿರುತ್ತದೆ, ನಮ್ಮ ಮನೆಯಲ್ಲೂ.

ಇದಕ್ಕೊಂದು ಮದ್ದು ಮಾಡಬೇಕೆಂದು ಇಲ್ಲಿಯವರು 2008ರಲ್ಲೇ ಹೊರಟಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಶಾಲೆಯ ಪ್ರವಾಸಕ್ಕೆ ಸಹಾಯಕಿಯಾಗಿ ಹೋದಾಗ ನಿವೃತ್ತ ಮೇಡಂ ಒಬ್ಬರು ಹೇಳಿದ ಕತೆ. ಸಿಯೆರಾ ಕ್ಲಬ್ ಎಂಬ ಹಳೆಯ ಪರಿಸರ ಸಂಸ್ಥೆ ಮುಂದೆ ನಿಂತು, ರಾಜಧಾನಿ ಸಾಂತಾ ಫೇಯ ಶಾಸನಸಭೆಗೆ ಒಂದು ಮಸೂದೆ ತರಿಸಿತು. ಟಿವಿ, ವಿಡಿಯೋ ಗೇಮು, ಗೇಮ್ ಆಡುವ ಯಂತ್ರ, ಇವುಗಳನ್ನು ಕೊಂಡವರಿಂದ ಶೇ. 1ರಷ್ಟು ತೆರಿಗೆ ವಸೂಲಿ ಮಾಡುವುದು. ಬಂದ ಹಣವನ್ನು ಬೇರೆ ಯಾವುದಕ್ಕೂ ಮುಟ್ಟದೆ, ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು ಪಾಠ ಮಾಡಲು ಬಳಸುವುದು. 400 ಡಾಲರಿನ ಟಿವಿಗೆ 4 ಡಾಲರು. ಅಂಗಡಿಯ ಬೆಲೆಚೀಟಿಯಲ್ಲಿ ಇರುವುದೇ ಬೇರೆ, ಕೌಂಟರಿನಲ್ಲಿ ತೆರಿಗೆ ಸೇರಿಸಿ ಕೇಳುವುದೇ ಬೇರೆ ಎಂಬ ಈ ದೇಶದಲ್ಲಿ ಆ 4 ಡಾಲರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ.

ಭಾವನವರಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಅಲ್ಲಮ್ಮಾ, ಟಿವಿ ನೋಡೋರತ್ರ ದುಡ್ಡು ಕಿತ್ಕೊಂಡು ಮಕ್ಳಿಗೆ ಮರ ತೋರ್ಸೋದಾ? ನಮ್ಮಲ್ಲಿ ಮರದಿಂದ ಇಳ್ಸೋಕೇ ಬೈಬೇಕು" ಎಂದು ನಕ್ಕರು. ಅದು ಅವರ ಕಾಲದ ಮಾತು. ಅವರ ಮೊಮ್ಮಗನಿಗೆ ಮೊಬೈಲು ಮುಂದಿಡದಿದ್ದರೆ ಅನ್ನ ಒಳಗೆ ಇಳಿಯುವುದಿಲ್ಲ.

ಮಸೂದೆ ಕಾನೂನಾಗಲಿಲ್ಲ. ಇಲ್ಲಿಯ ಶಾಸನಸಭೆ ವರ್ಷವಿಡೀ ಕೂರುವಂಥದ್ದಲ್ಲ. ಬೆಸ ವರ್ಷಗಳಲ್ಲಿ 60 ದಿನ, ಸಮ ವರ್ಷಗಳಲ್ಲಿ ಬರೀ 30 ದಿನ. ಶಾಸಕರಿಗೆ ಸಂಬಳವೂ ಇಲ್ಲ, ದಿನಭತ್ಯೆ ಅಷ್ಟೇ. 2008ರದ್ದು ಆ 30 ದಿನದ ಅಧಿವೇಶನ. ಅಷ್ಟರಲ್ಲಿ ಗೇಮ್ ಆಡುವವರು "ನಮ್ಮನ್ನೇ ಯಾಕೆ ಹಿಡಿದಿರಿ?" ಎಂದು ಗದ್ದಲ ಎಬ್ಬಿಸಿದ್ದರು. ಪುಸ್ತಕ ಓದುವ ಮಗುವೂ ಮನೆಯೊಳಗೇ ಕೂರುತ್ತದಲ್ಲ, ಅದಕ್ಕೆ ತೆರಿಗೆ ಯಾಕಿಲ್ಲ ಎಂದರೆ ಉತ್ತರ ಕೊಡುವುದು ಕಷ್ಟವೇ.

ಆ ವರ್ಷದ ಇನ್ನೊಂದು ತಮಾಷೆ ಕೇಳಿ. ಅಮೆರಿಕದಲ್ಲಿ 2009ರ ಜೂನ್‌ನಲ್ಲಿ ಹಳೆಯ ಅನಲಾಗ್ ಟಿವಿ ಪ್ರಸಾರ ನಿಂತಿತು. ಆಂಟೆನಾ ಹಾಕಿಕೊಂಡು ಹಳೇ ಟಿವಿ ನೋಡುತ್ತಿದ್ದವರಿಗೆ ತೊಂದರೆಯಾಗಬಾರದೆಂದು ಕೇಂದ್ರ ಸರ್ಕಾರ 2008ರಿಂದಲೇ ಪರಿವರ್ತಕ ಡಬ್ಬಿ ಕೊಳ್ಳಲು 40 ಡಾಲರಿನ ಕೂಪನ್ ಹಂಚುತ್ತಿತ್ತು. ಅಂದರೆ ಟಿವಿ ನೋಡುವುದು ತಪ್ಪದಿರಲೆಂದು ವಾಷಿಂಗ್ಟನ್ 40 ಡಾಲರು ಕೊಡುತ್ತಿದ್ದಾಗ, ನೋಡುವುದು ಜಾಸ್ತಿಯಾಯಿತೆಂದು ಸಾಂತಾ ಫೇಯಲ್ಲಿ ನೂರಕ್ಕೊಂದು ಕೇಳುವ ಮಾತು ನಡೆದಿತ್ತು. ಎಷ್ಟೋ ಜನ ಹಳೇ ಸೆಟ್ಟು ಬಿಸಾಕಿ ಹೊಸದು ಕೊಳ್ಳುತ್ತಿದ್ದ ಕಾಲದಲ್ಲಿ ಆ ತೆರಿಗೆ ಯಾರ ಜೇಬಿಗೆ ಬಿಸಿ ಮುಟ್ಟಿಸುತ್ತಿತ್ತು ಹೇಳಿ. ಐಫೋನು ಹಿಂದಿನ ವರ್ಷವೇ ಬಂದಿತ್ತು, ಪಟ್ಟಿಯಲ್ಲಿ ಇದ್ದದ್ದು ಟಿವಿ ಮತ್ತು ಗೇಮು.

ಹಾಗಾಗಿ ವಸೂಲಿಯ ಅರ್ಧ ನನಗೆ ಒಪ್ಪಿಗೆಯಿಲ್ಲ. ಖರ್ಚಿನ ಅರ್ಧ ಮಾತ್ರ ನೂರಕ್ಕೆ ನೂರು ಸರಿ ಎನ್ನುತ್ತೇನೆ. ಯಾಕೆಂದು ಹೇಳಬೇಕಾದರೆ ಆ ನದಿ ದಂಡೆಗೇ ಕರೆದುಕೊಂಡು ಹೋಗಬೇಕು.

ರಿಯೋ ಗ್ರಾಂಡೆಯ ಎರಡೂ ಬದಿಗೆ ಕಾಟನ್‌ವುಡ್ ಮರಗಳ ಕಾಡಿದೆ, ಬೋಸ್ಕೆ ಎನ್ನುತ್ತಾರೆ. ಅಲ್ಲಿ 1996ರಿಂದ ಒಂದು ಕೆಲಸ ನಡೆಯುತ್ತಿದೆ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯ ಮತ್ತು ಇಲ್ಲಿಯ ಒಂದು ಶಾಲೆ ಸೇರಿ ಶುರು ಮಾಡಿದ ಬೋಸ್ಕೆ ಇಕೋಸಿಸ್ಟಮ್ ಮಾನಿಟರಿಂಗ್ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಬೆಂಪ್. ಶಾಲೆ ಮಕ್ಕಳೇ ತಿಂಗಳು ತಿಂಗಳೂ ಬಂದು ಅಂತರ್ಜಲ ಎಷ್ಟು ಆಳದಲ್ಲಿದೆ, ಮಳೆ ಎಷ್ಟು ಬಿತ್ತು, ಎಲೆ ಎಷ್ಟು ಉದುರಿತು ಎಂದು ಅಳೆದು ಬರೆದಿಡುತ್ತಾರೆ. ಆ ಅಂಕಿಗಳನ್ನು ನದಿ ನೀರು ನೋಡಿಕೊಳ್ಳುವ ಇಲಾಖೆಗಳವರೂ ಬಳಸುತ್ತಾರೆ. ಸುಮ್ಮನೆ ಸಾಲಾಗಿ ನಿಂತು "ಇದು ಮರ, ಇದು ಹಕ್ಕಿ" ಎಂದು ತೋರಿಸುವ ಪಿಕ್‌ನಿಕ್ ಅಲ್ಲ.

ನಾನು ಹೋದ ದಿನ ಐದನೇ ತರಗತಿ ಮಕ್ಕಳು. ನೆಲದಲ್ಲಿ ಹೂತ ಪ್ಲಾಸ್ಟಿಕ್ ಲೋಟಗಳಲ್ಲಿ ರಾತ್ರಿ ಬಿದ್ದ ಹುಳುಗಳನ್ನು ಎಣಿಸುವುದು ಒಂದು ತಂಡದ ಪಾಲಿಗೆ. ಮುಟ್ಟಿದರೆ ಗುಂಡಗೆ ಸುರುಟಿಕೊಳ್ಳುವ ಹುಳು ಒಂದು ಲೋಟದಲ್ಲಿ ಕಿಕ್ಕಿರಿದಿತ್ತು. ಕೈ ಹಾಕಲು "ಈ..." ಎಂದ ಹುಡುಗಿಯರೇ ಕೊನೆಗೆ ಎಣಿಕೆಗೆ ಜಗಳ ಆಡಿದರು. ಇನ್ನೊಂದು ತಂಡಕ್ಕೆ ನೀರಿನ ಕೆಲಸ. ನೆಲಕ್ಕಿಳಿಸಿದ ಪೈಪಿನೊಳಗೆ ಟೇಪು ಬಿಡುತ್ತಾರೆ, ತುದಿ ನೀರು ಮುಟ್ಟಿದ ಕೂಡಲೇ ಪೀಂ ಎನ್ನುತ್ತದೆ. ಅಳತೆ ಓದಿ ಕೂಗಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು, ಮತ್ತೆ ಇಳಿಸಿ ಸರಿಯೇ ಎಂದು ನೋಡಬೇಕು. ಎರಡಾಳು ಆಳದೊಳಗೇ ನೀರು! ನಮ್ಮ ತೋಟದಲ್ಲಿ ಸಾವಿರ ಅಡಿ ಕೊರೆಸಿ ಬರೀ ಧೂಳು ಬಂದದ್ದು ನೆನಪಾಗಿ ನನಗೆ ಹೊಟ್ಟೆಯುರಿಯಿತು.

ಮರಗಳೆಲ್ಲ ಮುದಿಯಾಗಿವೆ, ಸಸಿಗಳೇ ಇಲ್ಲ ಯಾಕೆ ಎಂದು ಮೇಡಂ ಕೇಳಿದರು. ಮಕ್ಕಳು ಊಹೆ ಮಾಡುತ್ತಾ ಹೋದರು. ದನ ತಿಂದವು, ಬಿಸಿಲು ಜಾಸ್ತಿ, ಯಾರೋ ಕಡಿದರು. ಕಾರಣ ಬೇರೆ. ಕಾಟನ್‌ವುಡ್ ಬೀಜ ಮೊಳೆಯಬೇಕಾದರೆ ಹಿಮ ಕರಗುವ ಕಾಲಕ್ಕೆ ನದಿ ಉಕ್ಕಿ ದಂಡೆಯ ಮೇಲೆ ಹೊಸ ಮಣ್ಣು ಹಾಸಬೇಕು. 1970ರ ದಶಕದಲ್ಲಿ ಮೇಲುಗಡೆ ಕೊಚಿತಿ ಅಣೆಕಟ್ಟು ಬಂದ ಮೇಲೆ ಊರಿಗೆ ಪ್ರವಾಹದ ಭಯ ಹೋಯಿತು, ಜೊತೆಗೇ ಸಸಿಯೂ ಹೋಯಿತು. ಪ್ರವಾಹ ಕೆಟ್ಟದ್ದು ಎಂದೇ ಕಲಿತ ಮಕ್ಕಳ ಮುಖದಲ್ಲಿ ಆಗ ಕಂಡ ಗೊಂದಲವಿದೆಯಲ್ಲ, ಅದನ್ನು ಯಾವ ವಿಡಿಯೋ ಪಾಠವೂ ಹುಟ್ಟಿಸಲಾರದು.

ಆ ಗುಂಪಿನಲ್ಲಿ ಒಬ್ಬ ಹುಡುಗ ನದಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮನೆ ಅಲ್ಲಿಂದ ದೂರವೇನಲ್ಲ, ಕಾರಿನಲ್ಲಿ ಹತ್ತು ನಿಮಿಷ. ಕಾರು ಇರಬೇಕಷ್ಟೆ. ಅವನಮ್ಮ ಶನಿವಾರ ಭಾನುವಾರವೂ ಕೆಲಸಕ್ಕೆ ಹೋಗುವವರು. ಅವನು ಹಾಕಿಕೊಂಡು ಬಂದಿದ್ದ ತೆಳ್ಳನೆ ಕ್ಯಾನ್ವಾಸ್ ಶೂಗೆ ಮುಳ್ಳು ಚುಚ್ಚಿ ಆಚೆ ಬಂದಿತ್ತು. ನಾನು ಕೂತು ಕಿತ್ತು ನೋಡಿದರೆ ನೆಗ್ಗಿಲು ಮುಳ್ಳು! ನಮ್ಮ ಹೊಲದ ಬದುವಿನ ಅದೇ ನೆಗ್ಗಿಲು. ಇಲ್ಲಿ ಅದನ್ನು ಗೋಟ್‌ಹೆಡ್ ಎಂದು ಶಪಿಸುತ್ತಾರೆ, ಊರಿನ ಸೈಕಲ್ಲುಗಳಿಗೆಲ್ಲ ಅದೇ ಶತ್ರು. ಬಸ್ಸಿನಲ್ಲಿ ಒಂದು ಡಬ್ಬದ ತುಂಬ ಬೇರೆ ಬೇರೆ ಅಳತೆಯ ಹಳೇ ಬೂಟುಗಳಿದ್ದವು. ಮೇಡಂ ಏನೂ ಮಾತಾಡದೆ ಅವನ ಕಾಲಿಗೆ ಸರಿಹೋಗುವ ಜೊತೆ ಹುಡುಕಿ ಕೊಟ್ಟರು.

ಈ ಹುಡುಗನನ್ನು ಒಳಗೆ ಕೂರಿಸಿದ್ದು ಟಿವಿಯಲ್ಲ. ಟಿವಿ ಅವನ ಪಾಲಿಗೆ ಅಮ್ಮ ಬರುವವರೆಗೆ ಕಾಯುವ ದಾದಿ. ಅದರ ಮೇಲೆ ತೆರಿಗೆ ಹಾಕಿದರೆ ಅವನಮ್ಮನೂ ಕಟ್ಟುತ್ತಾಳೆ, ಆದರೆ ಅವನೇನೂ ನದಿಗೆ ಬರುವುದಿಲ್ಲ. ಬರುವುದು ಬಸ್ಸು ಬಂದರೆ. ಒಂದು ದಿನದ ಸ್ಕೂಲ್ ಬಸ್ಸಿಗೆ ಇಲ್ಲಿ ನೂರಾರು ಡಾಲರು, ಅದರ ಮೇಲೆ ಶಿಕ್ಷಕಿ ಹೊರಗೆ ಹೋದರೆ ತರಗತಿ ನೋಡಿಕೊಳ್ಳುವ ಬದಲಿ ಶಿಕ್ಷಕಿಯ ಕೂಲಿ. ಉಳ್ಳವರ ಬಡಾವಣೆಯ ಶಾಲೆಗಳಲ್ಲಿ ಪಾಲಕರು ಕೇಕು, ಸಮೋಸ ಮಾರಿಯಾದರೂ ಈ ಹಣ ಹೊಂದಿಸುತ್ತೇವೆ. ಊರಿನ ದಕ್ಷಿಣದ ಕೇರಿಗಳಲ್ಲಿ ಸಮೋಸ ಕೊಳ್ಳುವವರು ಯಾರು?

ನಾಲ್ಕನೇ ತರಗತಿ ಮಕ್ಕಳಿಗೆ ಕೇಂದ್ರ ಸರ್ಕಾರದ ಒಂದು ಪಾಸು ಇದೆ. 2015ರಲ್ಲಿ ಒಬಾಮಾ ಕಾಲದಲ್ಲಿ ಶುರುವಾದದ್ದು. ಮಗು ಜೊತೆಗಿದ್ದರೆ ಕಾರಿನಲ್ಲಿರುವವರಿಗೆಲ್ಲ ಒಂದು ವರ್ಷ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಪುಕ್ಕಟೆ. ನಾವೂ ಮಗನ ಪಾಸು ಹಿಡಿದು ವೈಟ್ ಸ್ಯಾಂಡ್ಸ್‌ಗೆ ಹೋಗಿ, ಸಕ್ಕರೆಯಂಥ ಜಿಪ್ಸಂ ಮರಳ ದಿಬ್ಬದ ಮೇಲೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಜಾರಿ ಬಂದೆವು. ಪಾಸು ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಹೋಗುವುದಕ್ಕೆ ಮೂರೂವರೆ ಗಂಟೆ, ಬರುವುದಕ್ಕೆ ಮೂರೂವರೆ ಗಂಟೆ, ಪೆಟ್ರೋಲು, ಊಟ, ಒಂದು ರಜಾದಿನ. ಇವು ಪಾಸಿನೊಳಗೆ ಬರುವುದಿಲ್ಲ.

ಇಂಥದ್ದೊಂದಕ್ಕೆ ಎಂದೇ ಮೀಸಲಾದ ತೆರಿಗೆ ಈ ದೇಶಕ್ಕೆ ಹೊಸತಲ್ಲ. ಬಂದೂಕು, ಕಾಡತೂಸುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಕೊಡುವ ಕಾನೂನು 1937ರಿಂದ ಇದೆ. ಬೇಟೆಗಾರರು ಅದನ್ನು ಗೊಣಗದೆ ಕಟ್ಟುತ್ತಾರೆ, ಕಾಡು ಉಳಿದರೆ ಬೇಟೆ ಉಳಿಯುತ್ತದೆ ಎಂಬ ಲೆಕ್ಕ. ಆರೆಗಾನ್ ರಾಜ್ಯದವರು 2016ರಲ್ಲಿ ಮತ ಹಾಕಿ, ಲಾಟರಿ ಹಣದ ಒಂದು ಪಾಲನ್ನು, ವರ್ಷಕ್ಕೆ ಹೆಚ್ಚೆಂದರೆ 2.2 ಕೋಟಿ ಡಾಲರು, ಐದು-ಆರನೇ ತರಗತಿ ಮಕ್ಕಳ ಹೊರಾಂಗಣ ಶಾಲೆಗೆ ಕೊಟ್ಟರು. ಮಕ್ಕಳು ಕಾಡಿನಲ್ಲೇ ಉಳಿದುಕೊಂಡು ಕಲಿಯುತ್ತಾರೆ. ಜೂಜಿನ ದುಡ್ಡು ಎಂದು ಮೂಗು ಮುರಿಯುವವರಿದ್ದಾರೆ, ಅದರಲ್ಲಿ ನಾನೂ ಒಬ್ಬಳು. ಪಕ್ಕದ ಟೆಕ್ಸಸ್ಸಿನದು ಇನ್ನೊಂದು ಕತೆ. ಕ್ರೀಡಾ ಸಾಮಾನಿನ ಮಾರಾಟ ತೆರಿಗೆ ಉದ್ಯಾನಗಳಿಗೆ ಎಂದು 1993ರಲ್ಲೇ ಬರೆದಿಟ್ಟರೂ, ಶಾಸಕರು ವರ್ಷಾನುಗಟ್ಟಲೆ ಅದರಲ್ಲೊಂದು ಪಾಲನ್ನಷ್ಟೇ ಕೊಟ್ಟು ಉಳಿದದ್ದನ್ನು ಬೇರೆ ಕಡೆ ತಿರುಗಿಸಿದರು. ಬೇಸತ್ತ ಜನ 2019ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ ಗಂಟು ಹಾಕಬೇಕಾಯಿತು.

ಇದು ನಮಗೆ ಗೊತ್ತಿಲ್ಲದ ಕತೆಯೇ? ಬೆಂಗಳೂರಿನಲ್ಲಿ ಮನೆ ಕಂದಾಯದ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣವನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಕೊಡದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಎಷ್ಟು ಸಲ ಓದಿಲ್ಲ! 2024ರಲ್ಲಿ ಕರ್ನಾಟಕ ಸರ್ಕಾರ ಸಿನಿಮಾ ಟಿಕೆಟ್ಟು, ಓಟಿಟಿ ಚಂದಾದ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕುವ ಕಾನೂನು ತಂದಿತು. ಅದು ಸಿನಿಮಾ ಮತ್ತು ಸಾಂಸ್ಕೃತಿಕ ಕಲಾವಿದರ ಕ್ಷೇಮಕ್ಕೆ, ಮಕ್ಕಳಿಗಲ್ಲ. ಆದರೆ ಪರದೆಯಿಂದ ಹಣ ಎತ್ತುವ ದಾರಿ ಸಾಂತಾ ಫೇಯವರು ಹುಡುಕಿದ್ದಕ್ಕಿಂತ ಜಾಣತನದ್ದು. ಡಬ್ಬಿ ಕೊಳ್ಳುವಾಗ ಒಂದು ಸಲ ಅಲ್ಲ, ಚಂದಾ ಕಟ್ಟುವಾಗಲೆಲ್ಲ. ಖರ್ಚು ಮಾಡುವ ದಾರಿಯೂ ನಮ್ಮಲ್ಲಿದೆ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನದಲ್ಲಿ ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಮಲೆನಾಡಿನ ಮಗುವಿಗೆ ಅದು ಅಷ್ಟೇನೂ ಹೊಸದಲ್ಲ. ಪೀಣ್ಯದ ಮಗುವಿಗೆ ಹೌದು.

ನ್ಯೂ ಮೆಕ್ಸಿಕೋದವರು 2019ರಲ್ಲಿ ಬೇರೆ ದಾರಿ ಹಿಡಿದರು. ಪರದೆಯ ಗೋಜಿಗೇ ಹೋಗದೆ, ಬಡ ಮಕ್ಕಳು ಹೊರಗೆ ಹೋಗಲೆಂದೇ ಔಟ್‌ಡೋರ್ ಇಕ್ವಿಟಿ ಫಂಡ್ ಎಂಬ ನಿಧಿ ಮಾಡಿದರು. ಈ ದೇಶದಲ್ಲಿ ಅಂಥದ್ದು ಅದೇ ಮೊದಲು. ಶುರುವಿಗೆ ಇಟ್ಟದ್ದು ಬರೀ 1 ಲಕ್ಷ ಡಾಲರು. ಸರ್ಕಾರಕ್ಕೆ ಹೆಚ್ಚು ಹಣ ಬರುವುದು ತೈಲ ಬಾವಿಗಳಿಂದ, ಅದೂ ಒಂದು ವಿಚಿತ್ರವೇ. ಭೂಮಿ ಕೊರೆದ ದುಡ್ಡಿನಲ್ಲಿ ಮಕ್ಕಳಿಗೆ ಭೂಮಿ ತೋರಿಸುವುದು. ಆದರೂ ಟಿವಿ ಕೊಂಡವರ ಮೇಲೆ ಪಾಪ ಹೊರಿಸದೆ, ಬಸ್ಸಿಗೂ ಬೂಟಿಗೂ ನೇರವಾಗಿ ಹಣ ಕೇಳುವ ಈ ದಾರಿಯೇ ನನಗೆ ವಾಸಿ ಅನಿಸುತ್ತದೆ.

ಮೊನ್ನೆ ಭಾವನವರು ಕೇಳಿದರು, "ಹಾಗಾದ್ರೆ ನಿನ್ ಓಟಿಟಿ ಮೇಲೆ ಒಂದ್ ಪರ್ಸೆಂಟ್ ಹಾಕಿದ್ರೆ ಕಟ್ತೀಯೋ ಇಲ್ವೋ?" ಕಟ್ಟುತ್ತೇನೆ ಭಾವ, ಎರಡು ಬೇಕಾದರೂ ಕಟ್ಟುತ್ತೇನೆ, ಯಾವ ಶಾಲೆಯ ಬಸ್ಸು ಯಾವ ತಾರೀಕು ಹೊರಟಿತು ಎಂದು ರಸೀದಿಯ ಕೆಳಗೆ ಬರೆದು ಕಳಿಸುವುದಾದರೆ, ಎಂದೆ. "ಅಷ್ಟೆಲ್ಲ ಬರ್ಯೋಕೆ ಇನ್ನೊಂದ್ ಸೆಸ್ ಹಾಕ್ತಾರೆ ಬಿಡಮ್ಮ" ಅಂದರು.