ಶುಗರ್ ಫ್ರೀ ಬಿಸ್ಕತ್ತಿನ ಸ್ವಾಗತ

ರೂಮಿನ ಮೇಜಿನ ಮೇಲೆ ಒಂದು ಪುಟ್ಟ ತಟ್ಟೆ. ಅದರಲ್ಲಿ ಬಿಸ್ಕತ್ತಿನ ಪೊಟ್ಟಣ, ಪಕ್ಕದಲ್ಲಿ ಕೈಯಲ್ಲೇ ಬರೆದ ಕಾರ್ಡು: ‘ನಿಮ್ಮ ಪಥ್ಯ ನಮಗೆ ನೆನಪಿದೆ. ಸ್ವಾಗತ.’ ಓದಿ ನಿಜಕ್ಕೂ ಖುಷಿಯಾಯ್ತು. ಹೆಗಲ ಮೇಲಿನ ಬ್ಯಾಗ್ ಇಳಿಸುವುದನ್ನೂ ಮರೆತು ಪೊಟ್ಟಣ ಎತ್ತಿಕೊಂಡೆ. ಮುಂದೆ ದಪ್ಪ ಅಕ್ಷರದಲ್ಲಿ ‘ಶುಗರ್ ಫ್ರೀ’. ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಗೋಧಿ ಹಿಟ್ಟು.

ನನಗೆ ಸಕ್ಕರೆ ಕಾಯಿಲೆ ಇಲ್ಲ. ಇರುವುದು ಸೀಲಿಯಾಕ್. ಗೋಧಿ, ಬಾರ್ಲಿ, ರೈ, ಈ ಧಾನ್ಯಗಳಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದರೆ ನನ್ನ ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗಿರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದಾಗ ಸಂಗತಿ ಹೊರಬಿತ್ತು. ಇದಕ್ಕೆ ಮಾತ್ರೆ ಇಲ್ಲ. ಬದುಕಿರುವಷ್ಟು ದಿನ ಗ್ಲುಟನ್ ಮುಟ್ಟಬಾರದು, ಅಷ್ಟೇ.

ಈ ‘ಅಷ್ಟೇ’ಯನ್ನು ಹೋಟೆಲಿಗೆ ಮೂರು ಸಲ ಹೇಳಿದ್ದೆ. ಬುಕ್ ಮಾಡುವಾಗ ‘ವಿಶೇಷ ಕೋರಿಕೆ’ ಅನ್ನುವ ಡಬ್ಬಿಯಲ್ಲಿ ಬರೆದಿದ್ದೆ. ವಾರದ ಮುಂಚೆ ಮೇಲ್ ಹಾಕಿದ್ದೆ. ಹಿಂದಿನ ದಿನ ಫೋನೂ ಮಾಡಿದ್ದೆ. ಮೂರು ಸಲವೂ ಒಂದೇ ಉತ್ತರ: ‘ನೋಟ್ ಮಾಡಿಕೊಂಡಿದ್ದೇವೆ.’ ಮಾಡಿಕೊಂಡಿದ್ದರು, ಸುಳ್ಳಲ್ಲ. ಯಾರದೋ ಬೆರಳು ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಜಾರಿತ್ತು, ಅಷ್ಟರಲ್ಲಿ ಗ್ಲುಟನ್ ಹೋಗಿ ಶುಗರ್ ಆಗಿತ್ತು.

‘ಪಾಪ, ಪ್ರೀತಿಯಿಂದ ಇಟ್ಟಿದ್ದಾರೆ’ ಅಂದರು ನಮ್ಮ ಮನೆಯವರು. ಮಗ ಅಷ್ಟರಲ್ಲಿ ಪೊಟ್ಟಣ ಒಡೆದಿದ್ದ.

ಊರಿನ ನಟ್ಟನಡುವಿನ ಹೋಟೆಲೇ ಬೇಕು ಅಂತ ಹಟ ಹಿಡಿದವಳು ನಾನು. ಮನೆಯವರಿಗೆ ಊರಾಚೆಯ ರೆಸಾರ್ಟ್ ಮೇಲೆ ಆಸೆ ಇತ್ತು. ಹಸಿರು, ಈಜುಕೊಳ, ಸದ್ದಿಲ್ಲದ ರಾತ್ರಿ, ಎಲ್ಲ ಸರಿ. ಆದರೆ ಅಲ್ಲಿ ಇರುವುದು ಒಂದೇ ಅಡುಗೆಮನೆ. ಅದು ಕೈಕೊಟ್ಟರೆ ಹತ್ತು ಹದಿನೈದು ಕಿಲೋಮೀಟರ್ ಆಚೆಯವರೆಗೆ ಏನೂ ಸಿಗಲ್ಲ. ಊರ ನಡುವೆ ಗದ್ದಲ ಜಾಸ್ತಿ, ರೂಮು ಚಿಕ್ಕದು, ದುಡ್ಡೂ ಜಾಸ್ತಿ. ಆದರೆ ಹತ್ತು ನಿಮಿಷ ನಡೆದರೆ ಸೂಪರ್‌ಮಾರ್ಕೆಟ್ ಇರುತ್ತೆ, ಔಷಧಿ ಅಂಗಡಿ ಇರುತ್ತೆ. ಊಟದ ನಾಲ್ಕು ಕಡೆ ಆಗಲ್ಲ ಅಂದರೂ ಐದನೆಯದು ಇರುತ್ತೆ.

ಅವತ್ತು ರಾತ್ರಿಯೇ ಅದು ಕೆಲಸಕ್ಕೆ ಬಂತು. ಹೋಟೆಲಿನ ಕೆಳಗಿನ ರೆಸ್ಟೋರೆಂಟಿನಲ್ಲಿ ಮೆನು ಚೆನ್ನಾಗಿಯೇ ಇತ್ತು. ಕೆಲವು ತಿನಿಸುಗಳ ಪಕ್ಕ ‘ಗ್ಲುಟನ್ ಫ್ರೀ’ ಗುರುತೂ ಇತ್ತು. ಕರಿದ ಆಲೂಗಡ್ಡೆಗೂ ಇತ್ತು.

‘ಇದನ್ನು ಕರಿಯುವ ಎಣ್ಣೆಯಲ್ಲೇ ಬ್ರೆಡ್ ಪುಡಿ ಹಚ್ಚಿದ್ದನ್ನೂ ಕರಿಯುತ್ತೀರಾ?’ ಅಂತ ವೇಟರ್‌ನನ್ನು ಕೇಳಿದೆ.

‘ಆಲೂಗಡ್ಡೆ ಅಷ್ಟೇ ಮೇಡಂ, ಬೇರೇನೂ ಇಲ್ಲ.’

‘ಎಣ್ಣೆ ಒಂದೇನಾ ಅಂತ ಕೇಳಿ ಬರ್ತೀರಾ?’

ಹೋಗಿ ಬಂದ. ಒಂದೇ ಎಣ್ಣೆ. ‘ಆದ್ರೆ ಅಷ್ಟು ಬಿಸಿಗೆ ಎಲ್ಲ ಸತ್ತುಹೋಗುತ್ತೆ ಅಲ್ವಾ ಮೇಡಂ?’ ಅಂದ. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಗ್ಲುಟನ್ ಕ್ರಿಮಿಯಲ್ಲ, ಪ್ರೋಟೀನು. ಕಾದರೂ ಕುದಿದರೂ ಅದು ಅಲ್ಲೇ ಇರುತ್ತದೆ. ಸೂಪಿಗೆ ಮೈದಾ ಹಾಕಿ ಗಟ್ಟಿ ಮಾಡಿದ್ದರು. ಅನ್ನದ ಜೊತೆ ಬರುವ ಸಾಸಿನಲ್ಲಿ ಸೋಯಾ ಸಾಸ್ ಇತ್ತು. ಸೋಯಾ ಅನ್ನುವ ಹೆಸರು ನಂಬಿದರೆ ಕೆಟ್ಟೆವು, ಸಾಮಾನ್ಯವಾಗಿ ಅದನ್ನು ಗೋಧಿ ಸೇರಿಸಿಯೇ ಹುದುಗಿಸಿರುತ್ತಾರೆ. ಪಕ್ಕದ ಟೇಬಲಿನವರು ನನ್ನ ವಿಚಾರಣೆ ಕೇಳಿಸಿಕೊಂಡು ಕತ್ತು ತಿರುಗಿಸಿದರು. ಹಸಿವಿಗಿಂತ ಈ ಕಸಿವಿಸಿಯೇ ನನಗೆ ಜಾಸ್ತಿ ಕಷ್ಟ. ಬರೀ ಅನ್ನ, ಬೇಯಿಸಿದ ತರಕಾರಿ ತಿಂದು ಎದ್ದೆ.

ಸೂಪರ್‌ಮಾರ್ಕೆಟ್ ಮುಚ್ಚುವ ಹೊತ್ತು. ಮೂವರೂ ಒಂದೊಂದು ಸಾಲಿಗೆ ಹಂಚಿಹೋದೆವು. ಗೋಧಿ ತೆನೆಗೆ ಅಡ್ಡಗೆರೆ ಎಳೆದ ಗುರುತು ಹುಡುಕುವುದು ಮಗನ ಕೆಲಸ. ಪೊಟ್ಟಣದ ಮೇಲೆ ‘ಗ್ಲುಟನ್ ಫ್ರೀ’ ಅಂತ ಬರೆಯಬೇಕಾದರೆ ಒಂದು ಕಿಲೋ ತಿನಿಸಿನಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು ಅನ್ನುವುದು ಅಂತಾರಾಷ್ಟ್ರೀಯ ಆಹಾರ ಮಾನದಂಡ. ಒಂದು ಸಾಧಾರಣ ಬ್ರೆಡ್ ಸ್ಲೈಸಿನಲ್ಲಿ ಸುಮಾರು ಎರಡು ಗ್ರಾಂ, ಅಂದರೆ 2000 ಮಿಲಿಗ್ರಾಂ ಇರುತ್ತದೆ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಮ್ಮ ಮನೆಯವರು ‘ಒಂದು ಚೂರು ತಿಂದ್ರೆ ಏನಾಗುತ್ತೆ’ ಅನ್ನುವುದನ್ನು ಬಿಟ್ಟರು.

‘ಅಮ್ಮಾ, ಇದರಲ್ಲಿ ಮಾಲ್ಟ್ ಇದೆ’ ಅಂತ ಮಗ ನನ್ನ ಕೈಯಿಂದ ಕಾರ್ನ್‌ಫ್ಲೇಕ್ಸ್ ಡಬ್ಬ ಕಿತ್ತುಕೊಂಡ. ಮೆಕ್ಕೆಜೋಳದ್ದು ತಾನೇ ಅಂತ ನಾನು ಬುಟ್ಟಿಗೆ ಹಾಕುವುದರಲ್ಲಿದ್ದೆ. ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿಯದು. ಆ ಇರುವೆಯಂಥ ಅಕ್ಷರ ನನಗೆ ಕನ್ನಡಕ ಹಾಕಿದರೂ ಕಾಣುತ್ತಿರಲಿಲ್ಲ. ಕೊನೆಗೆ ಬಾಳೆಹಣ್ಣು, ಮೊಸರು, ಕಡಲೆಕಾಯಿ ಬೀಜ, ಒಂದು ಪೊಟ್ಟಣ ಅಕ್ಕಿ ಬಿಲ್ಲೆ ತಂದೆವು. ಮೊಸರು ಇಡಲು ಮಿನಿಬಾರ್‌ನಿಂದ ಎರಡು ಬಾಟಲಿ ತೆಗೆದು ಹೊರಗಿಟ್ಟೆ.

ಬೆಳಿಗ್ಗೆ ಎಂಟೂವರೆಗೆ ತಿಂಡಿಗೆ ಇಳಿದೆವು. ಅದು ಮೊದಲನೇ ತಪ್ಪು. ಅಷ್ಟು ಹೊತ್ತಿಗೆ ಬಫೆ ಅನ್ನೋದು ಜಾತ್ರೆ ಮುಗಿದ ಬಯಲು. ಹಣ್ಣಿನ ತಟ್ಟೆಯಲ್ಲಿ ಬ್ರೆಡ್ಡಿನ ಇಕ್ಕಳ, ಬೆಣ್ಣೆಯ ಮೇಲೆ ಕಂದು ಚೂರುಗಳು, ಜಾಮಿನೊಳಗೆ ಯಾರೋ ಅದ್ದಿ ತೆಗೆದ ಚಾಕು. ನೋಡಿದವರಿಗೆ ಏನೂ ಅನ್ನಿಸಲ್ಲ. ನನ್ನ ಕಣ್ಣಿಗೆ ಮಾತ್ರ ಆ ಚೂರುಗಳೇ ಕಾಣುತ್ತವೆ.

ಒಬ್ಬ ಹುಡುಗ ನಾನು ಹೇಳಿದ್ದನ್ನು ತಾಳ್ಮೆಯಿಂದ ಕೇಳಿ, ಒಳಗೆ ಹೋಗಿ ಸೀಲ್ ಆಗಿದ್ದ ಗ್ಲುಟನ್ ಫ್ರೀ ಬ್ರೆಡ್ ತಂದ. ನನ್ನ ಎದುರಿಗೇ ಪೊಟ್ಟಣ ಕತ್ತರಿಸಿದ. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡು ಸ್ಲೈಸನ್ನೂ ಅಲ್ಲಿದ್ದ ದೊಡ್ಡ ಟೋಸ್ಟರ್ ಮೇಲೆ ಇಟ್ಟುಬಿಟ್ಟ. ತಂತಿಯ ಪಟ್ಟಿ ನಿಧಾನಕ್ಕೆ ಉರುಳುತ್ತಾ ಬ್ರೆಡ್ಡನ್ನು ಒಳಗೆಳೆದುಕೊಳ್ಳುತ್ತದಲ್ಲ, ಆ ಥರದ್ದು. ಬೆಳಿಗ್ಗೆಯಿಂದ ನೂರಾರು ಗೋಧಿ ಬ್ರೆಡ್ ಅದರ ಮೇಲೆ ಸವಾರಿ ಮಾಡಿದೆ. ನನ್ನ ಎರಡು ಸ್ಲೈಸು ಒಳಗೆ ಹೋಗಿ, ಹೊಂಬಣ್ಣಕ್ಕೆ ತಿರುಗಿ, ಕೆಳಗಿನ ತಟ್ಟೆಯಲ್ಲಿ ಬೇರೆಯವರ ಚೂರುಗಳ ಮೇಲೆ ಬಂದು ಬಿದ್ದವು. ಹುಡುಗ ಅವನ್ನು ಚೆಂದದ ಪಿಂಗಾಣಿ ತಟ್ಟೆಗೆ ಜೋಡಿಸಿ, ಮೇಲೊಂದು ಬಿಳಿ ನ್ಯಾಪ್‌ಕಿನ್ ಮುಚ್ಚಿ ತಂದುಕೊಟ್ಟ.

ತಿನ್ನುವ ಹಾಗಿಲ್ಲ. ಬೇಡ ಅನ್ನುವುದು ಹೇಗೆ? ಅವನ ಮುಖ ನೋಡಿದರೆ ಪಾಪ ಅನ್ನಿಸಿತು. ಹೇಳಿದೆ. ಅವನು ‘ಓ’ ಅಂದು ಅಲ್ಲೇ ನಿಂತ.

ಆಮ್ಲೆಟ್ ಒಲೆಯ ಹಿಂದೆ ನಿಂತಿದ್ದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು. ಐವತ್ತು ದಾಟಿದ ವಯಸ್ಸು. ಕೈ ಮಾಡಿ ಕರೆದರು.

‘ಡಯಟ್ಟಾ, ಕಾಯಿಲೆಯಾ?’

‘ಸೀಲಿಯಾಕ್.’

‘ಬೇಜಾರು ಮಾಡ್ಕೋಬೇಡಿ. ಮೊನ್ನೆ ಒಬ್ಬರು ಗ್ಲುಟನ್ ಬೇಡವೇ ಬೇಡ ಅಂತ ಬೇರೆ ಬಾಣಲೆ ಇಡಿಸಿಕೊಂಡ್ರು. ಆಮೇಲೆ ಎರಡು ತುಂಡು ಕೇಕ್ ತಿಂದ್ಕೊಂಡು ಹೋದ್ರು. ಅದಕ್ಕೇ ಕೇಳಿದ್ದು.’

ನಗು ಬಂತು, ಸಿಟ್ಟೂ ಬಂತು. ಅವರ ಮೇಲಲ್ಲ, ಆ ಕೇಕಿನವರ ಮೇಲೆ.

ಆಮೇಲೆ ಅವರು ಮಾಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಗ್ಲೌಸ್ ತೆಗೆದು ಬಿಸಾಡಿದರು. ಸೋಪು ಹಾಕಿ ಮೊಣಕೈವರೆಗೆ ತೊಳೆದರು. ಹಿಂದಿನ ಕೋಣೆಯಿಂದ ಸಣ್ಣ ಬಾಣಲೆ ತಂದು ಅದನ್ನೂ ತೊಳೆದು ಒರೆಸಿದರು. ಒಡೆದು ಕಲಸಿಟ್ಟಿದ್ದ ಮೊಟ್ಟೆಯ ಪಾತ್ರೆ ಮುಟ್ಟಲಿಲ್ಲ. ‘ಅದರಲ್ಲಿ ಒಂದಿಷ್ಟು ಪ್ಯಾನ್‌ಕೇಕ್ ಹಿಟ್ಟಿದೆ, ಆಮ್ಲೆಟ್ ಉಬ್ಬಲಿ ಅಂತ ಹಾಕ್ತೀವಿ’ ಅಂದರು. ಎದೆ ಧಸಕ್ ಅಂತು. ಮೊಟ್ಟೆ ಅಂದರೆ ಮೊಟ್ಟೆ ಅಂತ ನಂಬಿ ಇಷ್ಟು ವರ್ಷ ಎಲ್ಲೆಲ್ಲಿ ಏನೇನು ತಿಂದಿದ್ದೇನೋ! ತಟ್ಟೆಯಿಂದ ಎರಡು ಹೊಸ ಮೊಟ್ಟೆ ಒಡೆದರು. ಬೆಣ್ಣೆ ಡಬ್ಬದ ಕಡೆ ಕೈ ಹೋಗಿದ್ದು ಅರ್ಧಕ್ಕೇ ನಿಂತಿತು. ‘ಇದು ಬೇಡ, ಚೂರು ಬಿದ್ದಿರುತ್ತೆ’ ಅಂತ ಹೊಸ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದರು. ನನ್ನ ಹಿಂದೆ ಏಳು ಜನ ಕಾಯುತ್ತಿದ್ದರು. ಆಯಮ್ಮ ತಲೆ ಎತ್ತಿಯೂ ನೋಡಲಿಲ್ಲ.

‘ನಾನು ಮೇಲ್ ಹಾಕಿದ್ದೆ’ ಅಂದೆ, ದೂರು ಹೇಳುವ ದನಿಯಲ್ಲೇ.

‘ಮೇಲ್ ಎಲ್ಲ ಇಲ್ಲಿ ತನಕ ಬರಲ್ಲ. ಮೇಲಿನವರು ಕೌಂಟರ್‌ಗೆ ಹೇಳ್ತಾರೆ, ಕೌಂಟರ್‌ನವರು ಶಿಫ್ಟ್ ಬದಲಾದಾಗ ಮರೀತಾರೆ. ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಗೇ ಫೋನ್ ಹಾಕಿ ಕೊಡಿ ಅಂತ ಕೇಳಿ. ಬೆಳಿಗ್ಗೆ ಆರೂವರೆಗೆ ಬನ್ನಿ, ಆಗ ಯಾರ ಚಮಚವೂ ಎಲ್ಲೂ ಹೋಗಿರಲ್ಲ.’

ಈ ಎರಡು ಮಾತು ನನಗೆ ಯಾವ ಡಯಟಿಷಿಯನ್ನೂ ಹೇಳಿರಲಿಲ್ಲ. ಮಾರನೇ ದಿನದಿಂದ ಆರೂವರೆಗೆ ಒಬ್ಬಳೇ ಇಳಿಯತೊಡಗಿದೆ. ಯಾರೂ ಮುಟ್ಟದ ಹಣ್ಣು, ಹೊಸ ಎಣ್ಣೆಯ ಆಮ್ಲೆಟ್. ಬ್ರೆಡ್ಡನ್ನು ಬಾಣಲೆಯಲ್ಲೇ ಬಿಸಿ ಮಾಡಿ ಕೊಡುತ್ತಿದ್ದರು. ಆ ನಿಶ್ಶಬ್ದದಲ್ಲಿ, ಯಾರಿಗೂ ಏನೂ ವಿವರಿಸದೆ ತಿನ್ನುವ ಸುಖವೇ ಬೇರೆ.

ಇಷ್ಟೆಲ್ಲ ಹುಷಾರಾಗಿದ್ದು ಮೂರನೇ ದಿನ ಕೆಟ್ಟಿದ್ದು ನನ್ನದೇ ದಡ್ಡತನದಿಂದ. ಸುತ್ತಾಡಿ ಸುಸ್ತಾಗಿತ್ತು, ಐಸ್‌ಕ್ರೀಮ್ ಕಂಡಿತು. ಕೋನ್ ಬೇಡ, ಕಪ್ಪಿನಲ್ಲಿ ಕೊಡಿ ಅಂದೆ. ಜಾಣತನ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿದ್ದ ಬಿಸ್ಕತ್ತು ಬೆರೆಸಿದ ಐಸ್‌ಕ್ರೀಮಿಗೆ ಅದ್ದಿದ ಸೌಟಿನಲ್ಲೇ ನನ್ನದನ್ನೂ ತೆಗೆಯುತ್ತಿದ್ದುದನ್ನು ನೋಡಲಿಲ್ಲ. ನೋಡಿದ್ದೆನೋ ಏನೋ, ಒಂದು ದಿನ ಎಲ್ಲರ ಹಾಗೆ ಸುಮ್ನೆ ತಿಂದುಬಿಡೋಣ ಅನ್ನಿಸಿತ್ತೋ ಏನೋ. ಸಂಜೆಗೆ ಹೊಟ್ಟೆ ನಗಾರಿಯಾಯಿತು. ಹತ್ತು ನಿಮಿಷದಲ್ಲಿ ರೂಮು ಸೇರುವಷ್ಟು ಹತ್ತಿರ ಇದ್ದೆವು, ಅದೇ ಪುಣ್ಯ. ರಾತ್ರಿಯ ಮಿಕ್ಕ ಭಾಗ ಬಾತ್‌ರೂಮಿಗೂ ಹಾಸಿಗೆಗೂ ನಡುವೆ ಕಳೆಯಿತು.

ಬೆಳಗಿನ ಜಾವ ಕಿಟಕಿ ಹತ್ತಿರ ಕೂತಿದ್ದೆ. ನಮ್ಮ ರೂಮು ಹಿಂದಿನ ಓಣಿಯ ಕಡೆಗಿತ್ತು. ವ್ಯಾನೊಂದು ಹಿಮ್ಮುಖವಾಗಿ ಬಂದು ನಿಂತಿತು. ಇಬ್ಬರು ಬ್ರೆಡ್ಡಿನ ಟ್ರೇಗಳನ್ನು ಒಂದರ ಮೇಲೊಂದು ಇಳಿಸಿದರು. ನಾಲ್ಕನೇ ಮಹಡಿಗೂ ವಾಸನೆ ಬಂತು. ಅಂಥ ಹೊಟ್ಟೆನೋವಿನಲ್ಲೂ ಬಾಯಲ್ಲಿ ನೀರೂರಿತು, ನಾಚಿಕೆಗೇಡು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡಿನಲ್ಲಿ ಆಹಾರಕ್ಕೇ ಬರ ಬಿದ್ದು ಬ್ರೆಡ್ ಸಿಗುವುದೇ ಅಪರೂಪವಾಗಿತ್ತಂತೆ. ಊರಿಗೆ ಊರೇ ಹಸಿದಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ ವಾಪಸ್ ಬಂದಾಗ ಮತ್ತೆ ಮಲಗಿದವು. ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು, ಇದರಿಂದ ಅದು ಗಟ್ಟಿಯಾಯಿತು. ಬ್ರೆಡ್ ಗಾಡಿ ಬಂತೆಂದು ಇಡೀ ಬೀದಿ ಕುಣಿಯುವಾಗ ಒಂದು ಮಗುವಿನ ಹೊಟ್ಟೆ ಮಾತ್ರ ಉಬ್ಬುತ್ತಾ ಹೋದದ್ದನ್ನು ಯೋಚಿಸುತ್ತಾ, ಆ ಟ್ರೇಗಳು ಒಳಗೆ ಹೋಗುವ ತನಕ ನೋಡಿದೆ.

ಅಪ್ಪ, ಮಗ ಅವತ್ತು ಮ್ಯೂಸಿಯಂ ನೋಡಿ ಬಂದರು. ನಾನು ಮೊಸರು, ಅಕ್ಕಿ ಬಿಲ್ಲೆ ತಿಂದು ಮಲಗಿದೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಟೋಸ್ಟರ್ ಹುಡುಗ. ಕೈಯಲ್ಲಿ ಮುಚ್ಚಿದ ಬಟ್ಟಲು. ‘ಬರೀ ಅನ್ನದ ಗಂಜಿ, ಉಪ್ಪು ಅಷ್ಟೇ. ಬೇರೆ ಪಾತ್ರೆ, ಬೇರೆ ಸೌಟು. ನಾನೇ ನಿಂತು ನೋಡಿದೆ’ ಅಂದ. ಬೆಳಿಗ್ಗೆ ಆರೂವರೆಗೆ ನಾನು ಇಳಿಯದಿದ್ದುದನ್ನು ಒಲೆಯ ಹತ್ತಿರ ಯಾರೋ ಗಮನಿಸಿದ್ದರು.

ಹೊರಡುವ ದಿನ ಬಿಲ್ಲಿನಲ್ಲಿ ಮಿನಿಬಾರ್‌ನ ಎರಡು ಬಾಟಲಿ ಸೇರಿತ್ತು. ಕೆಲವು ಮಿನಿಬಾರ್‌ಗಳಲ್ಲಿ ಬಾಟಲಿ ಎತ್ತಿದರೆ ಸಾಕು, ಕುಡಿದರು ಅಂತ ಲೆಕ್ಕಕ್ಕೆ ಬೀಳುತ್ತದೆ. ಅವು ಮೊಸರಿಗೆ ಜಾಗ ಬಿಟ್ಟು ಮೇಜಿನ ಮೇಲೆ ಹಾಗೇ ಇವೆ ಅಂತ ವಿವರಿಸಿದೆ. ಕೌಂಟರಿನ ಹುಡುಗಿ ನಗುತ್ತಾ ತೆಗೆದುಹಾಕಿದಳು. ‘ನಿಮ್ಮ ಊಟದ ವಿಷಯ ನಮ್ಮ ಸಿಸ್ಟಮ್ಮಿನಲ್ಲಿ ಸೇವ್ ಮಾಡಿದ್ದೀವಿ ಮೇಡಂ, ಇನ್ನು ನಮ್ಮ ಯಾವ ಬ್ರಾಂಚಿಗೆ ಹೋದರೂ ಹೇಳಬೇಕಾಗಿಲ್ಲ’ ಅಂದಳು.

‘ಒಂದ್ಸಲ ತೋರಿಸ್ತೀರಾ?’

ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ‘ಶುಗರ್ ಫ್ರೀ. ಗ್ಲುಟನ್ ಫ್ರೀ.’ ಎರಡೂ ಇದ್ದವು.

‘ಮೊದಲನೆಯದು ತೆಗೀಬಹುದಾ?’

ಅವಳು ಏನೇನೋ ಒತ್ತಿ ನೋಡಿದಳು. ಹಳೆಯದನ್ನು ಅಳಿಸಲು ಬರುವುದಿಲ್ಲವಂತೆ, ಸೇರಿಸಲು ಮಾತ್ರ ಬರುತ್ತದಂತೆ.

‘ಇರ್ಲಿ ಬಿಡಮ್ಮ’ ಅಂದ ಮಗ. ‘ಆ ಬಿಸ್ಕತ್ತು ಚೆನ್ನಾಗಿತ್ತು.’