ಮರಳಿನ ಮೇಲೆ ಬರೆದ ಅಕ್ಷರ: ತರಂಗಂಬಾಡಿಯಲ್ಲಿ ಒಂದು ದಿನ

ಮೈಸೂರಿನಲ್ಲಿ ಸಂಜೆ ಹತ್ತಿದ ರೈಲು ಬೆಳಿಗ್ಗೆ ನಮ್ಮನ್ನು ಮಯಿಲಾಡುತುರೈಯಲ್ಲಿ ಇಳಿಸಿತು. ಅಲ್ಲಿಂದ ಬಸ್ಸು ಹಿಡಿದು, ನಮ್ಮ ಕಾವೇರಿಯೇ ಕಾಲುವೆಗಳಾಗಿ ಹಂಚಿಹೋಗಿರುವ ಭತ್ತದ ಗದ್ದೆಗಳ ನಡುವೆ ಸಾಗಿದರೆ ತರಂಗಂಬಾಡಿ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಈ ಕಡಲಂಚನ್ನು ಪಡೆದ ಡೆನ್ಮಾರ್ಕಿನ ಡೇನರು ಡಾನ್ಸ್‌ಬೋರ್ಗ್ ಕೋಟೆಯನ್ನು ಕಟ್ಟಿ, ಊರ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗುವಂತೆ ಟ್ರಾಂಕೆಬಾರ್ ಮಾಡಿಕೊಂಡರು. ಬಂದವರೆಲ್ಲ ಮೊದಲು ಕೋಟೆಯತ್ತ ನಡೆಯುತ್ತಾರೆ. ನನಗೆ ನೋಡಬೇಕಿದ್ದದ್ದು 1792ರ ಹೆಬ್ಬಾಗಿಲನ್ನು ದಾಟಿದ ಮೇಲೆ ಸಿಗುವ ಕಿಂಗ್ ಸ್ಟ್ರೀಟಿನ ಹೊಸ ಜೆರುಸಲೇಮ್ ಚರ್ಚು.

ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡವಾದ ಈ ಲೂಥರನ್ ಸಭೆಯ ಕಥೆ 1706ರ ಜುಲೈ 9ರಂದು ಶುರುವಾಗುತ್ತದೆ. ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್ ಕಳುಹಿಸಿದ ಇಬ್ಬರು ಜರ್ಮನ್ ಪಾದ್ರಿಗಳು, ಬಾರ್ತೊಲೊಮಾಯಸ್ ಝೀಗೆನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲೂಚಾವ್, ಅಂದು ಇಲ್ಲಿ ಬಂದಿಳಿದರು. ಮರುದಿನವಷ್ಟೇ 24 ತುಂಬಲಿದ್ದ ಝೀಗೆನ್‌ಬಾಲ್ಗನಿಗೆ ತಮಿಳಿನ ಒಂದಕ್ಷರವೂ ಬರುತ್ತಿರಲಿಲ್ಲ. ಆತ ಉಪದೇಶಕ್ಕೆ ನಿಲ್ಲುವ ಮೊದಲು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು: ಊರಿನ ವೃದ್ಧ ಉಪಾಧ್ಯಾಯರೊಬ್ಬರನ್ನು ಒಪ್ಪಿಸಿ, ಅವರ ಶಾಲೆಯನ್ನೇ ತನ್ನ ಮನೆಗೆ ಬರಮಾಡಿಕೊಂಡು, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕುಳಿತು, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿದ. ನಮ್ಮ ಕೂಲಿಮಠಗಳಲ್ಲಿ ಐಗಳ ಬೆತ್ತಕ್ಕೆ ಹೆದರುತ್ತ ಮರಳಿನ ಮೇಲೆ ತಿದ್ದಿದವರ ಕಥೆಗಳನ್ನು ಕೇಳಿ ಬೆಳೆದ ನನಗೆ ಆ ದೃಶ್ಯವನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಪೋರ್ಚುಗೀಸ್, ಡೇನಿಷ್ ಬಲ್ಲ ಅಳಗಪ್ಪನ್ ಎಂಬ ದುಭಾಷಿ ನೆರವಿಗಿದ್ದ. ಮುಂದೆ ಡೇನಿಷ್ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿ ಕಷ್ಟವುಂಡವನೂ ಅವನೇ.

ಗುರುವಾದ ಮೇಲೂ ಆತ ಶಾಲೆಯನ್ನು ಬಿಡಲಿಲ್ಲ. ಜರ್ಮನಿಯ ಹಾಲೆ ನಗರದಲ್ಲಿ ಫ್ರಾಂಕೆ ಎಂಬ ಪಾದ್ರಿ ನಡೆಸುತ್ತಿದ್ದ ಅನಾಥಾಲಯದ ಶಾಲೆಗಳನ್ನು ಕಂಡಿದ್ದ ಈ ಪಾದ್ರಿಗಳು ಊಟ, ಬಟ್ಟೆ, ಪಾಠ ಮೂರನ್ನೂ ಕೊಡುವ ಅದೇ ಪದ್ಧತಿಯನ್ನು ಇಲ್ಲಿಗೂ ತಂದರು. ತಮಿಳು ಮಕ್ಕಳಿಗೊಂದು, ಪೋರ್ಚುಗೀಸ್ ಆಡುವ ಮಕ್ಕಳಿಗೊಂದು ಶಾಲೆ ನಡೆಯಿತು. 1707ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದರೆಂಬುದನ್ನು ಓದಿದಾಗ ಇಸವಿಯನ್ನು ಎರಡು ಬಾರಿ ನೋಡಿಕೊಂಡೆ; ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು ಇದಾದ 127 ವರ್ಷಗಳ ನಂತರ.

ಡೇನಿಷ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಇದಾವುದೂ ಸಹನೆಯಾಗಲಿಲ್ಲ. ವ್ಯಾಪಾರಕ್ಕೆ ತೊಡಕೆಂದು ಬಗೆದ ಅವರು 1708ರ ಕೊನೆಯಲ್ಲಿ ಝೀಗೆನ್‌ಬಾಲ್ಗನನ್ನು ಕೋಟೆಯಲ್ಲಿ ನಾಲ್ಕು ತಿಂಗಳು ಕೂಡಿಹಾಕಿದರು. ಯುರೋಪಿಯನ್ನರಿಗಾಗಿ 1701ರಲ್ಲೇ ಕಟ್ಟಿದ ಝಯನ್ ಚರ್ಚು ಇದೇ ಬೀದಿಯಲ್ಲಿದೆ. ಒಂದೇ ಮತದ ಎರಡು ಗುಡಿಗಳು, ನಡುವೆ ಒಂದು ರಸ್ತೆ. ಆ ರಸ್ತೆ ಆಗ ಬಹಳ ಅಗಲವಾಗಿದ್ದಿರಬೇಕು.

ಹೊಸ ಜೆರುಸಲೇಮಿನ ಮುಂಭಾಗದಲ್ಲಿ ದೊರೆಯ ಕಿರೀಟ, ಅವನ ಹೆಸರಿನ ಹೆಣೆದ ಅಕ್ಷರಗಳು ಮತ್ತು 1718 ಎಂಬ ಇಸವಿ ಸ್ಪಷ್ಟವಾಗಿ ಕಾಣುತ್ತವೆ. ಒಳಗೆ ಶಿಲುಬೆಯಾಕಾರದ, ದಪ್ಪ ಗೋಡೆಗಳ ಸರಳ ಹಜಾರ. ಚರ್ಚು ಮುಗಿದ ನಾಲ್ಕೇ ತಿಂಗಳಿಗೆ, 1719ರ ಫೆಬ್ರವರಿಯಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡ ಝೀಗೆನ್‌ಬಾಲ್ಗ್ ಬಲಿಪೀಠದ ಒಂದು ಬದಿಗೂ, ಮರುವರ್ಷ ಹೋದ ಜೊತೆಗಾರ ಪಾದ್ರಿ ಗ್ರುಂಡ್ಲರ್ ಇನ್ನೊಂದು ಬದಿಗೂ ಮಲಗಿದ್ದಾರೆ. ಎಲ್ಲರಿಗೂ ತೆರೆದ ಈ ಹಜಾರದೊಳಗೂ ಒಂದು ಕಾಲಕ್ಕೆ ಜಾತಿವಾರು ಬೇರೆಬೇರೆಯಾಗಿ ಕೂರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಣೆ ಹೊತ್ತ ಜರ್ಮನಿಯ ಲೈಪ್‌ಜಿಗ್ ಮಿಷನ್ ಕೂಡ ಜಾತಿಯ ವಿಷಯದಲ್ಲಿ ಸಡಿಲ ನಿಲುವನ್ನೇ ತಳೆಯಿತು. ಹಾಗೆಂದು 1733ರಲ್ಲಿ ಇಲ್ಲಿಯೇ ಆರೋನ್ ಎಂಬ ತಮಿಳನಿಗೆ ಪಾದ್ರಿ ದೀಕ್ಷೆ ಕೊಟ್ಟದ್ದನ್ನು ಮರೆಯುವಂತಿಲ್ಲ. ಇಂದು ಸಭೆ 1919ರಲ್ಲಿ ರೂಪುಗೊಂಡ ತಮಿಳು ಇವಾಂಜಲಿಕಲ್ ಲೂಥರನ್ ಚರ್ಚಿಗೆ ಸೇರಿದೆ. ಅದರ ಬಿಷಪ್ಪರ ಆಡಳಿತ ತಿರುಚಿರಾಪಳ್ಳಿಯಲ್ಲಿದ್ದರೂ ಬಿರುದು ಮಾತ್ರ ತರಂಗಂಬಾಡಿಯದು.

1845ರಲ್ಲಿ ಡೇನರು ಈ ಊರನ್ನು ಬಂಗಾಳದ ಸೆರಾಂಪುರದೊಂದಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದರು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಆ ಸೆರಾಂಪುರದಲ್ಲಿಯೇ ಎಂಬುದು, ಕಡಲಿಗೆ ಮುಖ ಮಾಡಿ ಕುಳಿತಿದ್ದಾಗ ನೆನಪಾಯಿತು.

ಅಚ್ಚಿನ ಕಥೆ ಝೀಗೆನ್‌ಬಾಲ್ಗ್ ಮತ್ತು ಜೊತೆಗಾರರದೂ ಹೌದು. ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. ಲಂಡನ್ನಿನಿಂದ ಮುದ್ರಣಯಂತ್ರವೂ, ಹಾಲೆಯಿಂದ ತಮಿಳು ಅಚ್ಚುಮೊಳೆಗಳೂ ಹಡಗೇರಿ ಬಂದವು. 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಪೂರ್ಣವಾಗಿ ಅಚ್ಚಾಯಿತು. ಮೊಳೆಗಳು ದಪ್ಪವಾಗಿದ್ದುದರಿಂದ ಕಾಗದ ಸಾಲದಾಗಿ, ಅವರು ಇಲ್ಲಿಯೇ ಚಿಕ್ಕ ಮೊಳೆಗಳನ್ನು ಎರಕ ಹೊಯ್ದರು. ಕಾಗದವನ್ನೂ ಪಕ್ಕದ ಪೊರೈಯಾರಿನಲ್ಲಿ ತಾವೇ ತಯಾರಿಸಲು ಹೊರಟರು. ಹಿಂದಿರುಗುವ ಬಸ್ಸು ಪೊರೈಯಾರಿನಲ್ಲಿ ನಿಂತಾಗ, ಆ ಜಾಗಕ್ಕೆ ಕಡುದಾಸಿ ಪಟ್ಟರೈ, ಅಂದರೆ ಕಾಗದದ ಕಾರ್ಖಾನೆ, ಎಂಬ ಹೆಸರಿದೆಯೆಂದು ಸಹಪ್ರಯಾಣಿಕರೊಬ್ಬರಿಗೆ ಹೇಳಿದೆ. ‘ಕಡುದಾಸಿ ಅಂದರೆ ಪತ್ರವಲ್ಲವೇ?’ ಎಂದರು. ನಮ್ಮಲ್ಲೂ ಪತ್ರವನ್ನು ಕಾಗದವೆಂದೇ ಕರೆಯುತ್ತೇವೆ ಎಂದೆ.