ಇದೆಲ್ಲ ಪುಣ್ಯಕ್ಕಾಗಿ ತಾನೇ?

ಕುಷ್ಠರೋಗದಿಂದ ಗುಣವಾದ ಹಿರಿಯರು ಇರುವ ಒಂದು ಆಶ್ರಯಧಾಮಕ್ಕೆ ನಾನು ಪ್ರತಿ ಶನಿವಾರ ಹೋಗುತ್ತೇನೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಮಾತು: "ಪುಣ್ಯ ಬರಲಿ ಎಂದು ತಾನೇ? ನಿಮ್ಮ ಕ್ರೈಸ್ತರಲ್ಲಿ ಇದರಿಂದ ಸ್ವರ್ಗ ಸಿಗುತ್ತದೆಯಲ್ಲವೇ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ನನ್ನ ಉತ್ತರ ಅಲ್ಲ ಎಂದೇ.

ಅಲ್ಲಿ ನನ್ನ ಕೆಲಸ ಅಜ್ಜ ಒಬ್ಬರ ಕಾಲು ತೊಳೆಯುವುದು. ಔಷಧಿಯಿಂದ ರೋಗ ವಾಸಿಯಾಗಿ ಎಷ್ಟೋ ವರ್ಷಗಳಾದವು. ಪಾದದ ಸ್ಪರ್ಶಜ್ಞಾನ ಮಾತ್ರ ಮರಳಲಿಲ್ಲ. ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ, ಹಾಗಾಗಿ ಸಣ್ಣ ಗಾಯವೇ ಹುಣ್ಣಾಗಿ ಎಲುಬಿನವರೆಗೆ ಇಳಿಯುತ್ತದೆ. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಕಾಲು ನೆನೆಸಬೇಕು. ಬಿಸಿನೀರು ಕೂಡದು, ಸುಟ್ಟರೂ ಗೊತ್ತಾಗದು. ಜಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲನೆ ಉಜ್ಜಿ, ತೇವ ಆರುವ ಮೊದಲೇ ಎಣ್ಣೆ ಹಚ್ಚಬೇಕು. ಬೆರಳುಗಳ ಸಂದಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು.

ಪುಣ್ಯದ ಲೆಕ್ಕ ಹಿಡಿದು ಇದನ್ನು ಮಾಡಿದರೆ ಅವರ ಹುಣ್ಣು ನನ್ನ ಬಂಡವಾಳವಾದಂತೆ. ಅದನ್ನು ನೆನೆದರೇ ನನಗೆ ಸಂಕಟವಾಗುತ್ತದೆ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರು ಕೊಟ್ಟ ವರ, ನಮ್ಮ ಕ್ರಿಯೆಗಳ ಫಲವಲ್ಲ, ಯಾರೂ ಹೆಚ್ಚಳಪಡುವಂತಿಲ್ಲ ಎಂದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಹೇಳುತ್ತದೆ. ಅದರ ಮರುವಾಕ್ಯವೇ ನಾವು ಸತ್ಕಾರ್ಯಗಳಿಗಾಗಿ ಸೃಷ್ಟಿಯಾದವರು ಎನ್ನುತ್ತದೆ. ರಕ್ಷಣೆ ಮೊದಲು ಸಿಕ್ಕಿದೆ, ಸತ್ಕಾರ್ಯ ಆಮೇಲೆ ಮಾಡುತ್ತೇವೆ. ಈ ಕ್ರಮ ತಿರುಗುಮುರುಗಾದರೆ ಸೇವೆ ವ್ಯಾಪಾರವಾಗುತ್ತದೆ. ಹಾಗೆಂದು ಸುಮ್ಮನೆ ಕೂರಲೂ ಬಿಡುವುದಿಲ್ಲ ಬೈಬಲಿನದೇ ಯಾಕೋಬನ ಪತ್ರ: ಉಡಲು ಉಣ್ಣಲು ಇಲ್ಲದವನಿಗೆ ಏನನ್ನೂ ಕೊಡದೆ "ಬೆಚ್ಚಗಿರು, ಹೊಟ್ಟೆತುಂಬ ಉಣ್ಣು" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಅದು ಕೇಳುತ್ತದೆ.

ನಮ್ಮ ಮಂಗಳೂರಿನಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಜರ್ಮನಿ ಮೂಲದ, ಜೆಸ್ವಿಟ್ ಎಂಬ ಕಥೋಲಿಕ ಸಂಘದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು. ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಕುಷ್ಠವನ್ನು ಹಲವು ಔಷಧಿ ಒಟ್ಟಿಗೆ ಕೊಟ್ಟು ಗುಣಪಡಿಸುವ ಬಹುಔಷಧ ಚಿಕಿತ್ಸೆ ಬರಲು ಇನ್ನೂ ಸುಮಾರು ತೊಂಬತ್ತು ವರ್ಷಗಳಿದ್ದವು. ವಾಸಿ ಮಾಡುವ ಮದ್ದೇ ಇಲ್ಲದ ಕಾಲದಲ್ಲಿ ಬಾಗಿಲು ತೆರೆದಿಟ್ಟಿದ್ದರಲ್ಲ, ನನ್ನನ್ನು ಹಿಡಿದು ನಿಲ್ಲಿಸುವುದು ಅದು.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದಂದು ಚರ್ಚಿನಲ್ಲಿ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಅವರೆಲ್ಲ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿರುತ್ತಾರೆ. ತಪ್ಪಲ್ಲ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನೆನಪಿಸುವ ವಿಧಿ ಅದು. ನೆನಪಾದ ಮೇಲೆ, ನೋಯುವ ಕಾಲು ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕಲ್ಲವೇ?

ಕಳೆದ ಮಳೆಗಾಲದಲ್ಲಿ ಎರಡು ಶನಿವಾರ ನನಗೆ ಹೋಗಲಾಗಲಿಲ್ಲ. ಮೂರನೆಯ ವಾರ ಅಳುಕುತ್ತಲೇ ಅಜ್ಜನ ಪಾದ ಎತ್ತಿ ನೋಡಿದೆ. ಶುಚಿಯಾಗಿತ್ತು. ಪಕ್ಕದ ಮಂಚದವರು, ಬೆರಳುಗಳೆಲ್ಲ ಸವೆದುಹೋದವರು, ಎರಡೂ ವಾರ ಅಂಗೈಯಿಂದಲೇ ಎಣ್ಣೆ ಹಚ್ಚಿದ್ದರು.